‘ನೀನು ನನ್ನವಳು’ ಅನ್ನುವ ಜಾಗದಲ್ಲಿ ‘ನನ್ನನ್ನು ನಂಬು’: ಒಂದು ಇಟಾಲಿಯನ್ ಹಾಡು ಕಂಠದಿಂದ ಕಂಠಕ್ಕೆ

ಪ್ರಶ್ನೆ: ನಮ್ಮಪ್ಪನ ಹತ್ತಿರ ಎಲ್ವಿಸ್ ಪ್ರೆಸ್ಲಿಯ ಹಳೆಯ ಕ್ಯಾಸೆಟ್ ಒಂದಿದೆ. ಅದರಲ್ಲಿರುವ ‘ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ’ ಹಾಡು ಅಂದರೆ ಅವರಿಗೆ ಪ್ರಾಣ. ಮುಂದಿನ ತಿಂಗಳು ಅಪ್ಪ ಅಮ್ಮನ ಮದುವೆಯಾಗಿ 35 ವರ್ಷ ತುಂಬುತ್ತದೆ. ಅವತ್ತು ಕೀಬೋರ್ಡ್ ನುಡಿಸಿಕೊಂಡು ಅದನ್ನು ಹಾಡಬೇಕು ಅಂತಿದ್ದೇನೆ. ಹುಡುಕುತ್ತಾ ಹೋದಾಗ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅನ್ನುವವರು ಮೊದಲೇ ಹಾಡಿದ್ದರು, ಅದಕ್ಕೂ ಮೊದಲು ಇಟಾಲಿಯನ್‌ನಲ್ಲಿ ಇತ್ತು ಅಂತ ಗೊತ್ತಾಯಿತು. ಹಾಗಾದರೆ ನಿಜವಾದ ಮೂಲ ಯಾವುದು? ಇಂಗ್ಲಿಷಿನದು ಅನುವಾದವೇ? ಎಲ್ವಿಸ್ ಹಾಡಿದ್ದು ನಕಲಿನ ನಕಲು ಅನ್ನಬೇಕೇ? ನಾನು ಯಾವುದನ್ನು ಕೇಳಿ ಕಲಿಯಲಿ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಈ ಹಾಡನ್ನು ನಾನು ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಕಲಿಸುತ್ತಾ ಬಂದಿದ್ದೇನೆ. ಪ್ರತಿ ಸಲ ಕಲಿಸುವಾಗಲೂ ಅದರಲ್ಲಿ ಹೊಸದೇನಾದರೂ ಸಿಗುತ್ತದೆ.

ಮೊದಲು ಚಿಕ್ಕ ಉತ್ತರ. ಹಾಡು ಹುಟ್ಟಿದ್ದು ಇಟಲಿಯಲ್ಲಿ, 1965ರಲ್ಲಿ. ಹೆಸರು ‘ಈಓ ಕೆ ನೋನ್ ವೀವೊ’. ಅಂದರೆ ‘ಬದುಕಲಾರದ ನಾನು’. ಪೂರ್ತಿ ಸಾಲಿನ ಅರ್ಥ ‘ನೀನಿಲ್ಲದೆ ಒಂದು ಗಂಟೆಗಿಂತ ಹೆಚ್ಚು ಬದುಕಲಾರದ ನಾನು’ ಅಂತ. ಸಂಗೀತ ಪೀನೊ ದೊನಾಜ್ಜೊ ಅವರದು. ಸಾಹಿತ್ಯ ವೀತೊ ಪಲ್ಲವಿಚೀನಿ ಅವರದು. (ಹಾಡು ಬರೆಯುವವರ ಹೆಸರಿನಲ್ಲೇ ಪಲ್ಲವಿ ಇರುವುದು ನಮ್ಮ ಕಿವಿಗೆ ಎಷ್ಟು ಹಿತ, ಅಲ್ವಾ?) ಇಂಗ್ಲಿಷಿನದು ಅನುವಾದ ಅಲ್ಲವೇ ಅಲ್ಲ. ಟ್ಯೂನ್ ಒಂದೇ, ಮಾತು ಬೇರೆ. ಬೇರೆ ಮಾತ್ರ ಅಲ್ಲ, ತಿರುಗುಮುರುಗು. ನಕಲಿನ ನಕಲು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಟಲಿಯ ವಾಯವ್ಯ ಮೂಲೆಯಲ್ಲಿ ಫ್ರಾನ್ಸ್ ಗಡಿಯ ಹತ್ತಿರ ಸಾನ್‌ರೆಮೊ ಅಂತ ಒಂದು ಊರು ಇದೆ. ಸಮುದ್ರದ ದಂಡೆಯ ಊರು. ಹೂವು ಬೆಳೆಯುವುದಕ್ಕೆ ಹೆಸರುವಾಸಿ. ಅಲ್ಲಿ 1951ರಿಂದ ಹಾಡುಗಳ ಸ್ಪರ್ಧೆ ನಡೆಯುತ್ತಿದೆ. ಗಮನಿಸಿ, ಅದು ಗಾಯಕರ ಸ್ಪರ್ಧೆ ಅಲ್ಲ, ಹಾಡುಗಳ ಸ್ಪರ್ಧೆ. ಅದಕ್ಕೇ ಆ ಕಾಲದಲ್ಲಿ ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಹಾಡನ್ನೂ ಇಬ್ಬರು ಬೇರೆ ಬೇರೆ ಗಾಯಕರು, ಬೇರೆ ಬೇರೆ ವಾದ್ಯ ಸಂಯೋಜನೆಯಲ್ಲಿ ಹಾಡಬೇಕು. ಒಬ್ಬರ ಕಂಠಕ್ಕೆ ಮರುಳಾಗಿ ಜನ ಓಟು ಹಾಕಬಾರದು, ಹಾಡಿನ ಜೀವ ಎಷ್ಟು ಗಟ್ಟಿ ಅಂತ ನೋಡಬೇಕು ಅನ್ನುವುದು ಉದ್ದೇಶ.

1965ರ ಜನವರಿ ಕೊನೆಯಲ್ಲಿ ನಡೆದ ಸ್ಪರ್ಧೆಯಲ್ಲಿ ‘ಈಓ ಕೆ ನೋನ್ ವೀವೊ’ವನ್ನು ದೊನಾಜ್ಜೊ ತಾವೇ ಹಾಡಿದರು. ಜೊತೆಗೆ ಜೋಡಿ ಮಿಲ್ಲರ್ ಅನ್ನುವ ಅಮೆರಿಕದ ಕಂಟ್ರಿ ಗಾಯಕಿಯೂ ಅದೇ ಹಾಡನ್ನು ಹಾಡಿದರು. ಅಂದರೆ ಹಾಡು ಜನರ ಕಿವಿಗೆ ಬೀಳುವಾಗಲೇ ಅದಕ್ಕೆ ಎರಡು ಕಂಠ ಇತ್ತು. ಒಂದು ವೆನಿಸ್ ಕಡೆಯ ಗಂಡಸಿನದು, ಇನ್ನೊಂದು ಅಮೆರಿಕದ ಹೆಂಗಸಿನದು. ‘ನಿಜವಾದ ಮೂಲ ಯಾವುದು’ ಅಂತ ನೀವು ಕೇಳಿದಿರಿ. ಸಂಯೋಜಕರೇ ಹಾಡಿದ್ದು ಮೂಲ ಅನ್ನುವುದು ಸರಿಯೇ. ಆದರೆ ಈ ಹಾಡು ತೊಟ್ಟಿಲಲ್ಲೇ ಇಬ್ಬರ ಕೈಗೆ ಹೋದ ಮಗು ಅನ್ನುವುದನ್ನೂ ನೆನಪಿಡಿ.

ಆ ವರ್ಷ ಸ್ಪರ್ಧೆ ಗೆದ್ದದ್ದು ಬಾಬ್ಬಿ ಸೋಲೊ ಹಾಡಿದ ಬೇರೆ ಹಾಡು. ಈ ಹಾಡು ಅಂತಿಮ ಸುತ್ತಿಗೆ ಬಂದು ಅಲ್ಲಿಗೇ ನಿಂತಿತು. ಆದರೆ ಅಂಗಡಿಗಳಲ್ಲಿ ರೆಕಾರ್ಡ್ ಬಂದ ಮೇಲೆ ಇಟಲಿಯ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದೇ ವರ್ಷ ಇಟಲಿಯ ನಿರ್ದೇಶಕ ಲುಕೀನೊ ವಿಸ್ಕೊಂತಿ ತಮ್ಮ ಸಿನಿಮಾ ಒಂದರಲ್ಲಿ ಅದನ್ನು ಬಳಸಿದರು. ಆ ಸಿನಿಮಾಕ್ಕೆ ವೆನಿಸ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಚಿನ್ನದ ಸಿಂಹ ಸಿಕ್ಕಿತು.

ದೊನಾಜ್ಜೊ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ವೆನಿಸ್ ಪಕ್ಕದ ಬುರಾನೊ ದ್ವೀಪದಲ್ಲಿ 1941ರಲ್ಲಿ ಹುಟ್ಟಿದವರು. ಬಣ್ಣ ಬಣ್ಣದ ಮನೆಗಳು, ಕೈಯಲ್ಲಿ ಹೆಣೆಯುವ ಲೇಸ್, ಇವೆರಡಕ್ಕೆ ಹೆಸರಾದ ದ್ವೀಪ ಅದು. ಅವರು ಕಲಿತದ್ದು ಪಿಟೀಲು. ಹತ್ತನೇ ವಯಸ್ಸಿಗೇ ವೆನಿಸ್‌ನ ಸಂಗೀತ ಶಾಲೆಗೆ ಸೇರಿದರು. ಹದಿನಾಲ್ಕಕ್ಕೆ ವಿವಾಲ್ದಿಯ ಸಂಗೀತವನ್ನು ಒಂಟಿಯಾಗಿ ನುಡಿಸಿದ ಹುಡುಗ. ಆಮೇಲೆ ಪಾಪ್ ಕಡೆ ತಿರುಗಿದರು. ಮುಂದೆ ಅದನ್ನೂ ಬಿಟ್ಟು ಸಿನಿಮಾ ಹಿನ್ನೆಲೆ ಸಂಗೀತಕ್ಕೆ ಹೋದರು. 1973ರ ‘ಡೋಂಟ್ ಲುಕ್ ನೌ’, 1976ರ ‘ಕ್ಯಾರಿ’, ಎರಡಕ್ಕೂ ಸಂಗೀತ ಅವರದೇ. ಬೆನ್ನಲ್ಲಿ ಚಳಿ ಹುಟ್ಟಿಸುವ ಸಿನಿಮಾಗಳು. ಅಲ್ಲಿ ಪಿಟೀಲುಗಳು ಅಳುವುದನ್ನು ಕೇಳಿ, ಆಮೇಲೆ ಈ ಹಾಡಿಗೆ ಬನ್ನಿ. ಅದೇ ಕೈ ಅನ್ನುವುದು ಗೊತ್ತಾಗುತ್ತದೆ. ಪಿಟೀಲು ಕಲಿತವನು ಟ್ಯೂನ್ ಕಟ್ಟಿದರೆ ಸ್ವರವನ್ನು ಬಿಲ್ಲಿನ ಹಾಗೆ ಉದ್ದಕ್ಕೆ ಎಳೆಯುವ ಆಸೆ ಅದರಲ್ಲಿ ಇದ್ದೇ ಇರುತ್ತದೆ. ಈ ಹಾಡಿನ ಪಲ್ಲವಿಯಲ್ಲಿ ಅದು ಕಿವಿಗೆ ಸಿಗುತ್ತದೆ.

ಇನ್ನು ಮಾತಿಗೆ ಬರೋಣ. ಇಟಾಲಿಯನ್ ಸಾಹಿತ್ಯ ಶುರುವಾಗುವುದು ಒಂದು ಸಂಜೆ. ಇಬ್ಬರೇ ಇದ್ದಾರೆ, ದಿನವೂ ಇರುವ ಹಾಗೆ. ಆದರೆ ಅವಳ ಮುಖ ಇವತ್ತು ಸಪ್ಪಗಿದೆ. ಯಾಕೆ ಅಂತ ಅವನಿಗೆ ಗೊತ್ತು. ತಾನು ಸುಖವಾಗಿಲ್ಲ, ಬಿಟ್ಟು ಹೋಗಬೇಕು ಅಂತ ಅವಳು ಹೇಳಬೇಕೆಂದಿದ್ದಾಳೆ. ಇನ್ನೂ ಹೇಳಿಲ್ಲ. ಆ ಮಾತು ಅವಳ ಬಾಯಿಂದ ಬರುವ ಮೊದಲೇ ಅವನು ಸಿಡಿಯುತ್ತಾನೆ. ಒಂದು ಗಂಟೆಗಿಂತ ಹೆಚ್ಚು ನೀನಿಲ್ಲದೆ ಇರಲಾರೆ, ಇಡೀ ಬಾಳು ಹೇಗೆ ಕಳೆಯಲಿ? ನೀನು ನನ್ನವಳು, ನಮ್ಮನ್ನು ಯಾವುದೂ ಬೇರೆ ಮಾಡಲಾರದು. ಆಮೇಲೆ ಸ್ವರ ಇಳಿಸಿ, ಇಲ್ಲಿ ಬಾ, ನನ್ನ ಮಾತು ಕೇಳು, ಇಲ್ಲೇ ಇರು ಅಂತ ಬೇಡುತ್ತಾನೆ.

ಅಂದರೆ ಈ ಹಾಡಿನಲ್ಲಿ ಯಾರೂ ಇನ್ನೂ ಹೋಗಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾರೆ.

ಈಗ ಇಂಗ್ಲಿಷಿಗೆ ಬನ್ನಿ. ಅದೇ 1965ರ ಸಾನ್‌ರೆಮೊದಲ್ಲಿ ಲಂಡನ್ನಿನ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಕೂಡ ಸ್ಪರ್ಧಿ. ಇಟಾಲಿಯನ್‌ನಲ್ಲೇ ಎರಡು ಹಾಡು ಹಾಡಿದರು. ಎರಡೂ ಅಂತಿಮ ಸುತ್ತಿಗೆ ಬರಲಿಲ್ಲ. ಹಾಗೆ ಪ್ರೇಕ್ಷಕರ ನಡುವೆ ಕೂತಾಗ ದೊನಾಜ್ಜೊ ಅವರ ಹಾಡು ಕೇಳಿ ಕಣ್ಣೀರು ಬಂತು. ಮಾತು ಪೂರ್ತಿ ತಿಳಿಯದಿದ್ದರೂ ಟ್ಯೂನ್ ಎದೆಗೆ ತಾಗಿತ್ತು. ರೆಕಾರ್ಡ್ ತಟ್ಟೆ ಸಂಪಾದಿಸಿ ಊರಿಗೆ ತಂದರು. ಒಂದು ವರ್ಷ ಅದು ಸುಮ್ನೆ ಇತ್ತು. ಇಂಗ್ಲಿಷ್ ಸಾಹಿತ್ಯ ಇನ್ನೂ ಇರಲಿಲ್ಲ.

ಕೊನೆಗೆ 1966ರ ವಸಂತದ ಹೊತ್ತಿಗೆ ಬರೆದವರು ಇಬ್ಬರು ಸ್ನೇಹಿತರು. ವಿಕಿ ವಿಕಮ್ ಬ್ರಿಟನ್ನಿನ ಟಿವಿಯಲ್ಲಿ ‘ರೆಡಿ ಸ್ಟೆಡಿ ಗೋ’ ಅನ್ನುವ ಪಾಪ್ ಕಾರ್ಯಕ್ರಮ ನಡೆಸುತ್ತಿದ್ದರು. ಸೈಮನ್ ನೇಪಿಯರ್-ಬೆಲ್ ಬ್ಯಾಂಡ್‌ಗಳ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್. ಇಬ್ಬರೂ ಹಾಡು ಬರೆಯುವವರಲ್ಲ. ಇಬ್ಬರಿಗೂ ಇಟಾಲಿಯನ್ ಬರದು. ನೇಪಿಯರ್-ಬೆಲ್ ಮುಂದೆ ಹೇಳಿಕೊಂಡ ಪ್ರಕಾರ ಅವತ್ತು ರಾತ್ರಿ ಊಟ ಆದ ಮೇಲೆ ವಿಕಿ ಅವರ ಮನೆಗೆ ಹೋದರು. ಆಮೇಲೆ ಡಿಸ್ಕೋಗೆ ಹೋಗಬೇಕಿತ್ತು. ಇದ್ದದ್ದು ಒಂದು ಗಂಟೆಯಷ್ಟು ಸಮಯ. ‘ಐ ಲವ್ ಯು’ ಅನ್ನುವ ಮಾಮೂಲಿ ಮಾತು ಬೇಡ ಅನ್ನಿಸಿತು. ‘ನಾನು ನಿನ್ನನ್ನು ಪ್ರೀತಿಸುವುದಿಲ್ಲ’ ಅಂತ ಶುರು ಮಾಡಿದರು. ಅದು ‘ನೀನು ನನ್ನನ್ನು ಪ್ರೀತಿಸುವುದಿಲ್ಲ’ ಆಯಿತು. ಆಮೇಲೆ ‘ನೀನು ನನ್ನನ್ನು ಪ್ರೀತಿಸಬೇಕಾಗಿಲ್ಲ’. ಕೊನೆಗೆ ‘ಪ್ರೀತಿಸುತ್ತೀನಿ ಅಂತ ನೀನು ಹೇಳಬೇಕಾಗಿಲ್ಲ’. ಟ್ಯೂನಿನ ಅಳತೆಗೆ ಅದು ಸರಿಯಾಗಿ ಕೂತಿತು. ಪಲ್ಲವಿ ಮನೆಯಲ್ಲಿ ಮುಗಿಯಿತು. ಚರಣವನ್ನು ಟ್ಯಾಕ್ಸಿಯಲ್ಲಿ ಹೋಗುತ್ತಾ ಬರೆದರು.

ನಮ್ಮ ಸಿನಿಮಾ ಸಾಹಿತಿಗಳು ಈ ಕೆಲಸವನ್ನು ಚೆನ್ನಾಗಿ ಬಲ್ಲರು. ಮೊದಲು ಟ್ಯೂನ್ ಬರುತ್ತದೆ. ‘ಲಾಲಾ ಲಲಲಾ’ ಅಂತ ಇರುವ ಅಳತೆಗೆ ಮಾತು ತುಂಬಬೇಕು. ಅರ್ಥವೂ ಇರಬೇಕು, ಬಾಯಿಗೂ ಸಲೀಸಾಗಿ ಬರಬೇಕು.

ಈಗ ಇಂಗ್ಲಿಷ್ ಚರಣ ಏನು ಹೇಳುತ್ತದೆ ನೋಡಿ. ಪ್ರೀತಿಸಿದವರು ಆಗಲೇ ಹೊರಟು ಹೋಗಿದ್ದಾರೆ. ಮನೆ ಖಾಲಿ. ಉಳಿದವರು ಒಂಟಿ. ಇಟಾಲಿಯನ್ ಹಾಡು ಬಾಗಿಲು ಮುಚ್ಚುವ ಮೊದಲಿನ ಕ್ಷಣ. ಇಂಗ್ಲಿಷ್ ಹಾಡು ಬಾಗಿಲು ಮುಚ್ಚಿದ ಮೇಲಿನ ಹೊತ್ತು.

ಇನ್ನೂ ಹತ್ತಿರ ಹೋಗಿ ನೋಡೋಣ. ಈ ಹಾಡಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಪಲ್ಲವಿಯ ನಡುವೆ, ಸ್ವರ ಮೇಲೇರಿದ ಕಡೆ, ಎರಡು ಸಲ ಬರುವ ಒಂದು ತುಣುಕು ಇದೆ. ಇಟಾಲಿಯನ್‌ನಲ್ಲಿ ಅದು ‘ಸೇಯಿ ಮೀಯಾ, ಸೇಯಿ ಮೀಯಾ’. ಅಂದರೆ ‘ನೀನು ನನ್ನವಳು, ನೀನು ನನ್ನವಳು’. ಇಂಗ್ಲಿಷಿನಲ್ಲಿ ಅದೇ ಸ್ವರಗಳ ಮೇಲೆ ಕೂತಿರುವುದು ‘ಬಿಲೀವ್ ಮಿ, ಬಿಲೀವ್ ಮಿ’. ಅಂದರೆ ‘ನನ್ನನ್ನು ನಂಬು’. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ‘ಮೀ’ ಅನ್ನುವ ಸದ್ದು ಎರಡರಲ್ಲೂ ಇದೆ. ಕಿವಿಗೆ ಹತ್ತಿರ ಹತ್ತಿರ ಒಂದೇ. ಅರ್ಥ ಮಾತ್ರ ಪೂರ್ತಿ ತಿರುಗಿದೆ. ಅಲ್ಲಿ ಹಕ್ಕು ಸಾಧಿಸುವ ಮಾತು. ಇಲ್ಲಿ ಕೈಮುಗಿಯುವ ಮಾತು.

ಅದರ ಮುಂದಿನ ಸಾಲು ಇನ್ನೂ ಬೆರಗು ಹುಟ್ಟಿಸುತ್ತದೆ. ಇಟಾಲಿಯನ್‌ನಲ್ಲಿ ಅವನು ನಮ್ಮನ್ನು ಯಾವುದೂ ಎಂದಿಗೂ ಬೇರೆ ಮಾಡಲಾರದು ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ನಿನ್ನನ್ನು ನಾನು ಎಂದಿಗೂ ಕಟ್ಟಿಹಾಕುವುದಿಲ್ಲ ಅನ್ನುವ ಮಾತು ಬರುತ್ತದೆ. ಒಬ್ಬರು ಗಂಟು ಬಿಗಿಯುತ್ತಿದ್ದಾರೆ, ಇನ್ನೊಬ್ಬರು ಅದೇ ಗಂಟನ್ನು ಬಿಚ್ಚುತ್ತಿದ್ದಾರೆ. ಸ್ವರ ಅದೇ. ಇಟಾಲಿಯನ್ ಬಾರದ ಇಬ್ಬರು ಅವಸರದಲ್ಲಿ ಬರೆದದ್ದು ಹೀಗೆ ಎದುರುಬದುರು ಕೂತದ್ದು ಹೇಗೆ? ಟ್ಯೂನ್ ತಾನೇ ಆ ಜಾಗದಲ್ಲಿ ಏನೋ ದೊಡ್ಡ ಮಾತು ಕೇಳುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಬಿಗಿಯುವುದೋ ಬಿಚ್ಚುವುದೋ, ಎರಡರಲ್ಲಿ ಒಂದನ್ನು ಅಲ್ಲಿ ಹೇಳಲೇಬೇಕು. ಮಧ್ಯದ ಮಾತು ಅಲ್ಲಿ ನಿಲ್ಲುವುದಿಲ್ಲ.

ಭಾಷೆಯ ವಿಷಯ ಇನ್ನೊಂದಿದೆ. ಕನ್ನಡದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ‘ಮೀಯಾ’ ಅಂದರೆ ನನ್ನವಳು. ‘ಮೀಯೊ’ ಅಂದರೆ ನನ್ನವನು. ನಮ್ಮಲ್ಲಿ ಇರುವ ಹಾಗೇ ಅಲ್ಲೂ ಪದದ ಕೊನೆಯಲ್ಲೇ ಹೆಣ್ಣು ಗಂಡು ತಿಳಿಯುತ್ತದೆ. ಹಾಗಾಗಿ ಇಟಾಲಿಯನ್ ಹಾಡನ್ನು ಹೆಣ್ಣು ಗಂಡನ್ನು ಕುರಿತು ಹಾಡಬೇಕಾದರೆ ಆ ಪದ ಬದಲಾಗಬೇಕು. ‘ಬಿಲೀವ್ ಮಿ’ಗೆ ಆ ತೊಡಕಿಲ್ಲ. ಯಾರು ಯಾರಿಗೆ ಬೇಕಾದರೂ ಹೇಳಬಹುದು. ಡಸ್ಟಿ ಹಾಡಿದ ಪದಗಳನ್ನೇ ನಾಲ್ಕು ವರ್ಷ ಆದ ಮೇಲೆ ಎಲ್ವಿಸ್ ಎತ್ತಿಕೊಳ್ಳಲು ಸಾಧ್ಯ ಆದದ್ದಕ್ಕೆ ಇದೂ ಒಂದು ಕಾರಣ.

ಮತ್ತೆ, ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಕನ್ನಡವೂ ಹಾಗೇ. ‘ಮನೆ’, ‘ಊರು’, ‘ನೀನು’, ಯಾವುದನ್ನು ಬೇಕಾದರೂ ಕೊನೆಯಲ್ಲಿ ಎಳೆಯಬಹುದು. ದೊನಾಜ್ಜೊ ಪಲ್ಲವಿಯ ಮೊದಲ ಸಾಲನ್ನು ‘ತೆ’ ಅನ್ನುವ ಅಕ್ಷರದಲ್ಲಿ ಬಿಡುತ್ತಾರೆ. ‘ನೀನು’ ಅಂತ ಅರ್ಥ. ಬಾಯಿ ತೆರೆದೇ ಇರುತ್ತದೆ, ಉಸಿರು ಇರುವಷ್ಟು ಹೊತ್ತೂ ಅದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ‘ಹ್ಯಾಂಡ್’ ಬಂದು ಕೂತಿದೆ. ಅದು ‘ಡ್’ ಅಂತ ಬಾಗಿಲು ಹಾಕಿಕೊಳ್ಳುವ ಪದ. ಅದನ್ನು ಎಳೆಯಬೇಕಾದರೆ ನಡುವಿನ ಸ್ವರವನ್ನು ಹಿಡಿದಿಟ್ಟುಕೊಂಡು, ‘ನ್’ ಮತ್ತು ‘ಡ್’ ಎರಡನ್ನೂ ಕೊನೆಯ ಗಳಿಗೆಯಲ್ಲಿ ಮುಟ್ಟಿಸಿ ಬಿಡಬೇಕು. ನನ್ನ ವಿದ್ಯಾರ್ಥಿಗಳು ಜಾಸ್ತಿ ತಪ್ಪುವುದು ಇಲ್ಲೇ. ‘ನ್’ಗೆ ಬೇಗ ಹೋಗಿಬಿಡುತ್ತಾರೆ, ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ.

ಸಂಗೀತದ ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ಕೀಬೋರ್ಡ್ ಮುಂದೆ ಕೂತು ಓದಿ. ಚರಣ ಮೈನರ್‌ನಲ್ಲಿದೆ, ಪಲ್ಲವಿ ಮೇಜರ್‌ನಲ್ಲಿದೆ. ಷಡ್ಜ ಮಾತ್ರ ಎರಡಕ್ಕೂ ಒಂದೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚರಣದಲ್ಲಿ ಸಾಧಾರಣ ಗಾಂಧಾರ, ಪಲ್ಲವಿಯಲ್ಲಿ ಅಂತರ ಗಾಂಧಾರ. ಹಿಂದೂಸ್ತಾನಿ ಕಲಿತಿದ್ದರೆ ಕೋಮಲ ಗ ಹೋಗಿ ಶುದ್ಧ ಗ ಬಂತು ಅನ್ನಿ. ಬಿಳಿ ಎರಡನ್ನು ಷಡ್ಜ ಮಾಡಿಕೊಂಡರೆ ಚರಣದ ಗಾಂಧಾರ ಬಿಳಿ ನಾಲ್ಕು. ಪಲ್ಲವಿಗೆ ಬಂದ ಕೂಡಲೇ ಅದು ಪಕ್ಕದ ಕಪ್ಪು ಮನೆಗೆ ಹೋಗುತ್ತದೆ. ಒಂದೇ ಒಂದು ಮನೆ ಆಚೆ. ಅಷ್ಟಕ್ಕೇ ಕತ್ತಲ ಕೋಣೆಯಲ್ಲಿ ಕಿಟಕಿ ತೆರೆದ ಹಾಗಾಗುತ್ತದೆ. ದುಃಖದ ಮಾತನ್ನು ಬೆಳಕಿನ ಸ್ವರದಲ್ಲಿ ಹಾಡಿಸುತ್ತಾರಲ್ಲ, ಈ ಟ್ಯೂನಿನ ಜೀವ ಇರುವುದೇ ಅಲ್ಲಿ. ಚರಣ ಬಹಳಷ್ಟು ಕೆಳಗೇ, ಮಾತಾಡಿದ ಹಾಗೆ ಸಾಗುತ್ತದೆ. ಕೆಳಗೆ ತಡೆದು ಇಟ್ಟದ್ದನ್ನೆಲ್ಲ ಪಲ್ಲವಿ ಮೇಲೆ ಬಿಡುತ್ತದೆ.

ಡಸ್ಟಿ ಅದನ್ನು ಹೇಗೆ ಬಿಟ್ಟರು ಅನ್ನುವುದಕ್ಕೆ ಒಂದು ಚೆಂದದ ಕಥೆ ಇದೆ. ಧ್ವನಿಮುದ್ರಣ ನಡೆದದ್ದು 1966ರ ಮಾರ್ಚ್‌ನಲ್ಲಿ, ಲಂಡನ್ನಿನ ಫಿಲಿಪ್ಸ್ ಸ್ಟುಡಿಯೋದಲ್ಲಿ. ತಮ್ಮ ಧ್ವನಿಗೆ ಸಿಗುತ್ತಿದ್ದ ಪ್ರತಿಧ್ವನಿ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಕಟ್ಟಡದ ಮೆಟ್ಟಿಲ ಹತ್ತಿರ ಮೈಕು ಇಳಿಬಿಟ್ಟರು. ಡಸ್ಟಿ ಮೆಟ್ಟಿಲ ಮೇಲೆ ನಿಂತು ಹಾಡಿದರು. ಬರೀ ಗೋಡೆ, ಮೇಲಕ್ಕೆ ಹೋಗುವ ಟೊಳ್ಳು ಜಾಗ. ಧ್ವನಿ ಅಲ್ಲಿ ಸುತ್ತಿ ಏರಿತು. ಒಂದಲ್ಲ ಎರಡಲ್ಲ, 47 ಸಲ ಹಾಡಿದರು ಅಂತ ಹೇಳುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ವಾದ್ಯಗಳು ಒಂದು ಕೋಣೆಯಲ್ಲಿವೆ, ಧ್ವನಿ ಬೇರೆ ಎಲ್ಲೋ ಎತ್ತರದಲ್ಲಿದೆ ಅನ್ನಿಸುತ್ತದೆ. ಖಾಲಿ ಮನೆಯಲ್ಲಿ ನಿಂತು ಕೂಗಿದ ಹಾಗೆ. ಸಾಹಿತ್ಯಕ್ಕೆ ಅದಕ್ಕಿಂತ ತಕ್ಕ ಜಾಗ ಬೇರೆ ಇರಲಿಲ್ಲ.

ಅವರ ಹಾಡು ಶುರುವಾಗುವ ರೀತಿಯನ್ನೂ ಗಮನಿಸಿ. ವಾದ್ಯಗಳು ಮೊದಲೇ ಅಬ್ಬರಿಸಿ ಬರುತ್ತವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ತಣ್ಣಗಾಗಿ ಒಂದು ಸಣ್ಣ ಧ್ವನಿ ಮಾತ್ರ ಉಳಿಯುತ್ತದೆ. ಮುಂದೆ ಏನು ಬರುತ್ತದೆ ಅಂತ ನಿಮಗೆ ಆಗಲೇ ಗೊತ್ತು. ಆದರೂ ಕಾಯುತ್ತೀರಿ. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿ ಅವರ ಒಂಟಿ ಹಾಡು ಮೊದಲ ಸ್ಥಾನ ಕಂಡದ್ದು ಅದೊಂದೇ ಸಲ. ಅಮೆರಿಕದಲ್ಲಿ ನಾಲ್ಕನೇ ಸ್ಥಾನ. ನನ್ನನ್ನು ಕೇಳಿದರೆ ಈ ಟ್ಯೂನನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹಾಡಿಲ್ಲ. ದೊನಾಜ್ಜೊ ಕೂಡ ಇಲ್ಲ.

ಈಗ ನಿಮ್ಮಪ್ಪನ ಎಲ್ವಿಸ್. ಇಟಲಿಯ ಟ್ಯೂನ್ ಅವರಿಗೆ ಹೊಸದಲ್ಲ. 1960ರ ‘ಇಟ್ಸ್ ನೌ ಆರ್ ನೆವರ್’ ನೇಪಲ್ಸ್‌ನ ‘ಓ ಸೋಲೆ ಮೀಯೊ’ ಟ್ಯೂನೇ. 1961ರ ‘ಸರೆಂಡರ್’ ಕೂಡ ಅದೇ ಊರಿನ ‘ತೋರ್ನಾ ಅ ಸುರ್ರಿಯೆಂತೊ’. ಎರಡೂ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದವು. ಹಾಗಾಗಿ ಈ ಹಾಡು ಅವರ ಕೈಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. 1970ರ ಜೂನ್‌ನಲ್ಲಿ ಅವರು ನ್ಯಾಶ್‌ವಿಲ್‌ನಲ್ಲಿ ಐದು ರಾತ್ರಿ ಕೂತು 30ಕ್ಕೂ ಹೆಚ್ಚು ಹಾಡು ಮುದ್ರಿಸಿದರು. ಅದರಲ್ಲಿ ಇದೂ ಒಂದು, ಜೂನ್ 6ರದ್ದು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಹೋಯಿತು. 1972ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೂ ಹಾಡಿದರು.

ಎಲ್ವಿಸ್ ಹಾಡಿದ್ದು ಚುರುಕಾಗಿದೆ. ಡಸ್ಟಿ ಮೆಟ್ಟಿಲ ಮೇಲೆ ಒಂಟಿ. ಎಲ್ವಿಸ್ ತಮ್ಮ ಬ್ಯಾಂಡಿನ ನಡುವೆ ನಿಂತಿದ್ದಾರೆ. ಸುತ್ತ ಗಿಟಾರ್, ಡ್ರಮ್, ಹಿಂದೆ ಕೋರಸ್. ಅವರ ಧ್ವನಿಯಲ್ಲಿ ಸೋಲು ಕಡಿಮೆ, ಹಟ ಜಾಸ್ತಿ. ‘ಹೇಳಬೇಕಾಗಿಲ್ಲ’ ಅನ್ನುವ ಮಾತಿನ ಹಿಂದೆ ‘ಆದರೂ ಹೇಳು’ ಅನ್ನುವುದು ಕೇಳಿಸುತ್ತದೆ. ಇದು ಡಸ್ಟಿಯ ನಕಲು ಅಲ್ಲ. ಅದೇ ಮಾತು, ಬೇರೆ ಮನುಷ್ಯ.

ಬೇರೆಯವರೂ ತುಂಬ ಜನ ಹಾಡಿದ್ದಾರೆ. 1976ರಲ್ಲಿ ‘ಗೈಸ್ ಆ್ಯಂಡ್ ಡಾಲ್ಸ್’ ಅನ್ನುವ ಬ್ರಿಟಿಷ್ ತಂಡ ಹಾಡಿ ಅಲ್ಲಿನ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ತಂದಿತು. ಫ್ರೆಂಚಿನಲ್ಲಿ ರಿಷಾರ್ ಆಂತೊನಿ ಹಾಡಿದರು. ಕೇಳಿ ನೋಡಬಹುದು. ಆದರೆ ಕಲಿಯುವುದಕ್ಕೆ ಈ ಮೂರೇ ಸಾಕು.

ನಕಲು ಅನ್ನುವ ಮಾತಿಗೆ ಇನ್ನೊಂದು ಉತ್ತರ ರೆಕಾರ್ಡ್ ಮೇಲೇ ಇದೆ. ಇಂಗ್ಲಿಷ್ ಹಾಡಿನ ಕೆಳಗೆ ನಾಲ್ಕು ಹೆಸರು ಇರುತ್ತವೆ. ದೊನಾಜ್ಜೊ, ಪಲ್ಲವಿಚೀನಿ, ವಿಕಮ್, ನೇಪಿಯರ್-ಬೆಲ್. ಇಂಗ್ಲಿಷಿನಲ್ಲಿ ಪಲ್ಲವಿಚೀನಿಯ ಒಂದು ಪದವೂ ಇಲ್ಲ. ಆದರೂ ಅವರ ಹೆಸರು ಬಿಟ್ಟಿಲ್ಲ. ಅಪ್ಪಣೆ ಪಡೆದು, ಹೆಸರು ಹಾಕಿ ಮಾಡಿದ ಕೆಲಸ ಇದು. ಟ್ಯೂನ್ ಎತ್ತಿಕೊಂಡು ಹೆಸರು ಮುಚ್ಚಿಡುವುದೇ ಬೇರೆ. ಅದನ್ನು ಕದ್ದದ್ದು ಅನ್ನೋಣ. ನಮ್ಮ ದಾಸರ ಪದಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಸಾಹಿತ್ಯ ಅದೇ ಇರುತ್ತದೆ, ಒಬ್ಬರು ಒಂದು ರಾಗದಲ್ಲಿ ಹಾಡುತ್ತಾರೆ, ಇನ್ನೊಬ್ಬರು ಇನ್ನೊಂದರಲ್ಲಿ. ಅದನ್ನು ಯಾರೂ ನಕಲು ಅನ್ನುವುದಿಲ್ಲ.

ಇನ್ನು ನೀವು ಏನು ಮಾಡಬೇಕು ಅಂತ ಹೇಳುತ್ತೇನೆ.

ಒಂದು ವಿಷಯ ನೇರವಾಗಿ ಹೇಳಬೇಕು. ಮಾತಿನ ಅರ್ಥ ನೋಡಿದರೆ ಇದು ಮದುವೆಯ ಹಬ್ಬದ ಹಾಡಲ್ಲ. ಬಿಟ್ಟುಹೋದವರನ್ನು ಕರೆಯುವ ಹಾಡು. ಅದು ಗೊತ್ತಿದ್ದೂ ಹಾಡಿ ಅಂತಲೇ ನಾನು ಹೇಳುತ್ತೇನೆ. ನಿಮ್ಮಪ್ಪ ಇಷ್ಟು ವರ್ಷ ಈ ಹಾಡನ್ನು ಕೇಳಿದ್ದಾರೆ. ಅವರ ಪಾಲಿಗೆ ಅದಕ್ಕೆ ಬೇರೆ ಅರ್ಥ ಕೂಡಿಕೊಂಡಿರುತ್ತದೆ. ನಮ್ಮ ಮನೆಗಳಲ್ಲಿ ಎಷ್ಟು ಜನ ಗಂಡ ಹೆಂಡತಿ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಬಾಯಿಬಿಟ್ಟು ಹೇಳಿದ್ದಾರೆ? ‘ಊಟ ಆಯ್ತಾ’, ‘ಮಾತ್ರೆ ತಗೊಂಡ್ರಾ’ ಅನ್ನುವುದರಲ್ಲೇ ಎಲ್ಲ ಮುಗಿಯುತ್ತದೆ. ಹೇಳಬೇಕಾಗಿಲ್ಲ, ಹತ್ತಿರ ಇದ್ದರೆ ಸಾಕು ಅನ್ನುವ ಪಲ್ಲವಿಯ ಸಾಲು 35 ವರ್ಷ ಜೊತೆಗಿದ್ದವರ ಮುಂದೆ ಹಾಡಿದಾಗ ಬೇರೆಯೇ ಕೇಳುತ್ತದೆ. ಹಾಗಾಗಿ ಎರಡನೇ ಚರಣ ಬಿಟ್ಟುಬಿಡಿ. ಮೊದಲ ಚರಣ ಹಾಡಿ, ಪಲ್ಲವಿಗೆ ಬನ್ನಿ, ಎರಡನೇ ಚರಣದ ಜಾಗದಲ್ಲಿ ಕೀಬೋರ್ಡ್ ಮಾತ್ರ ನುಡಿಸಿ, ಮತ್ತೆ ಪಲ್ಲವಿಗೆ ಬನ್ನಿ.

ಕಲಿಯುವಾಗ ಮೊದಲ ವಾರ ದೊನಾಜ್ಜೊ ಅವರದ್ದು ಮಾತ್ರ ಕೇಳಿ. ಮಾತಿನ ಗೊಡವೆ ಬೇಡ. ಬರೀ ‘ಆ’ಕಾರದಲ್ಲಿ ಟ್ಯೂನ್ ಹಾಡಿಕೊಳ್ಳಿ. ಸ್ವರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರು ಬೇಕು ಅನ್ನುವುದು ಅವರಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಎರಡನೇ ವಾರ ಡಸ್ಟಿ. ಚರಣವನ್ನು ಅವರು ಎಷ್ಟು ಕಡಿಮೆ ದನಿಯಲ್ಲಿ ಹಾಡುತ್ತಾರೆ ಅಂತ ನೋಡಿ. ಹೊಸಬರು ಚರಣದಲ್ಲೇ ಜೋರು ಮಾಡಿಬಿಡುತ್ತಾರೆ, ಪಲ್ಲವಿಗೆ ಬಂದಾಗ ಏರಲು ಜಾಗ ಇರುವುದಿಲ್ಲ. ಎಲ್ವಿಸ್ ಅವರನ್ನು ಕೊನೆಯ ಎರಡು ಮೂರು ದಿನ ಕೇಳಿದರೆ ಸಾಕು. ಅದು ನಿಮ್ಮ ಕಿವಿಯಲ್ಲಿ ಚಿಕ್ಕಂದಿನಿಂದ ಇದ್ದೇ ಇರುತ್ತದೆ.

ಶ್ರುತಿಯನ್ನು ಅವರಿಗೆ ಹೊಂದಿಸಲು ಹೋಗಬೇಡಿ. ಮೊದಲು ಪಲ್ಲವಿಯ ಅತಿ ಎತ್ತರದ ಸ್ವರ ಹಾಡಿ ನೋಡಿ. ಕತ್ತಿನ ನರ ಬಿಗಿಯದೆ ಅದು ಬಂದರೆ ಅದೇ ನಿಮ್ಮ ಶ್ರುತಿ. ಬಾರದಿದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಒಂದೊಂದೇ ಮನೆ ಕೆಳಗೆ ಇಳಿಸಿ.

‘ಬಿಲೀವ್ ಮಿ’ ಬರುವ ಹೊತ್ತಿಗೆ ಎಡಗೈ ಹಗುರ ಮಾಡಿ. ಎರಡನೇ ಸಲ ಅದನ್ನು ಹೇಳುವ ಮೊದಲು ಎಡಗೈ ಪೂರ್ತಿ ಎತ್ತಿಬಿಡಿ. ಬಲಗೈಯಲ್ಲಿ ಒಂದೇ ಒಂದು ಸ್ವರ ಇರಲಿ. ಆ ಹೊತ್ತಿನಲ್ಲಿ ಕೀಬೋರ್ಡ್ ನೋಡಬೇಡಿ, ಅಪ್ಪ ಅಮ್ಮ ಕೂತಿರುವ ಕಡೆ ನೋಡಿ.